ಮೀಟಿಂಗಿನಲ್ಲಿ ಎಲ್ಲರೂ ಹೂಂ ಅಂತಾರೆ, ಆಮೇಲೆ ಕೆಲಸ ಯಾಕೆ ದಿಕ್ಕಿಗೊಂದಾಗುತ್ತದೆ?

ಪ್ರಶ್ನೆ: ನಾನು ಒಂಬತ್ತು ಜನರ ತಂಡ ನೋಡಿಕೊಳ್ಳುತ್ತೇನೆ. ಸಾಫ್ಟ್‌ವೇರ್ ಬರೆಯುವವರು, ಡಿಸೈನ್ ಮಾಡುವವರು, ಗ್ರಾಹಕರ ಜೊತೆ ಮಾತಾಡುವವರು ಎಲ್ಲರೂ ಇದ್ದಾರೆ. ಮೂರು ತಿಂಗಳಿಗೊಮ್ಮೆ ಗುರಿ ಬರೆಯುತ್ತೇವೆ, ಮೀಟಿಂಗಿನಲ್ಲಿ ಎಲ್ಲರೂ ಒಪ್ಪುತ್ತಾರೆ. ಎರಡು ವಾರ ಬಿಟ್ಟು ನೋಡಿದರೆ ಒಬ್ಬೊಬ್ಬರು ಒಂದೊಂದು ಕಡೆ ಹೊರಟಿರುತ್ತಾರೆ. ದೊಡ್ಡ ತೀರ್ಮಾನಗಳಂತೂ ಮುಗಿಯುವುದೇ ಇಲ್ಲ, ಇವತ್ತು ಮುಗಿಸಿದ್ದು ಮುಂದಿನ ವಾರ ಮತ್ತೆ ಮೇಜಿಗೆ ಬರುತ್ತದೆ. ಒಂದು ದಿನ ತಂಡದ ಚಟುವಟಿಕೆ ಇಟ್ಟುಕೊಳ್ಳಿ ಅಂತ ಮೇಲಿನವರು ಹೇಳುತ್ತಿದ್ದಾರೆ. ಇದರಿಂದ ನಿಜವಾಗಿ ಉಪಯೋಗ ಇದೆಯಾ? ಇದ್ದರೆ ಏನು ಮಾಡಿಸಬೇಕು?

ಉತ್ತರ: ಉಪಯೋಗ ಖಂಡಿತ ಇದೆ, ಎರಡು ಷರತ್ತಿನ ಮೇಲೆ. ಚಟುವಟಿಕೆ ನಿಮ್ಮ ತಂಡದ ನಿಜವಾದ ಕೆಲಸದ ಮೇಲೆಯೇ ನಡೆಯಬೇಕು. ಮತ್ತೆ, ಯಾರೇ ಬಾಯಿ ತೆರೆಯುವ ಮೊದಲು ಎಲ್ಲರೂ ತಮ್ಮ ಪಾಡಿಗೆ ಕೂತು ಬರೆಯಬೇಕು. ಇವೆರಡರಲ್ಲಿ ಒಂದು ತಪ್ಪಿದರೂ ದಿನವೇನೋ ಖುಷಿಯಾಗಿ ಕಳೆಯುತ್ತದೆ, ಆದರೆ ಮಾರನೇ ದಿನ ಮತ್ತೆ ಎತ್ತು ಏರಿಗೆ, ಕೋಣ ನೀರಿಗೆ.

ಹಲವು ವರ್ಷಗಳಿಂದ ತಂಡಗಳ ಜೊತೆ ಕೂತು ಇದನ್ನೇ ಮಾಡಿಸುತ್ತಿದ್ದೇನೆ. ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು "ಎಲ್ಲರೂ ಒಪ್ಪುತ್ತಾರೆ" ಅನ್ನುವ ಮಾತು. ಅವರು ಯಾವುದಕ್ಕೆ ಒಪ್ಪಿದರು ಅಂತ ನಿಮಗೆ ಗೊತ್ತಾ? ಅವರಿಗಾದರೂ ಗೊತ್ತಾ? ಮೊದಲು ಅದನ್ನು ಹೊರಗೆ ತೆಗೆಯಬೇಕು. ಅದಕ್ಕೆ ಇಡೀ ದಿನ ಬೇಡ, 15 ನಿಮಿಷ ಸಾಕು.

ಎಲ್ಲರಿಗೂ ಒಂದೊಂದು ಚೀಟಿ ಕೊಡಿ. ಹೆಸರು ಬರೆಯುವುದು ಬೇಡ ಅನ್ನಿ. ಕೇಳಬೇಕಾದ ಪ್ರಶ್ನೆ ಒಂದೇ: "ಈ ಮೂರು ತಿಂಗಳಲ್ಲಿ ಉಳಿದಿದ್ದೆಲ್ಲ ಕೈಬಿಟ್ಟುಹೋದರೂ ಇದೊಂದು ಆಗಲೇಬೇಕು ಅನ್ನುವುದು ಯಾವುದು? ಅದು ಆಯಿತು ಅಂತ ನಮಗೆ ಹೇಗೆ ಗೊತ್ತಾಗುತ್ತದೆ?" ನೀವೂ ಬರೆಯಿರಿ. ಚೀಟಿಗಳನ್ನು ಕಲಸಿ, ಒಂದೊಂದಾಗಿ ಗಟ್ಟಿಯಾಗಿ ಓದಿ, ಒಂದೇ ಅರ್ಥದವನ್ನು ಒಟ್ಟಿಗೆ ಇಡುತ್ತಾ ಹೋಗಿ.

ಒಂದು ತಂಡದಲ್ಲಿ ಹೀಗೆ ಮಾಡಿಸಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಏಳು ಜನ. ಗುರಿಗಳ ಪಟ್ಟಿ ಅದೇ ಕೋಣೆಯ ಗೋಡೆ ಮೇಲೆ ದೊಡ್ಡ ಅಕ್ಷರದಲ್ಲಿ ಅಂಟಿಸಿತ್ತು, ಹಾಗಾಗಿ ತಂಡದ ಮುಖ್ಯಸ್ಥರಿಗೆ ಇದು ಸುಲಭದ ಪರೀಕ್ಷೆ ಅನ್ನಿಸಿತ್ತು. ಚೀಟಿ ತೆಗೆದೆವು. ಮೂರರಲ್ಲಿ "ಆಪ್ ನಿಂತುಹೋಗುವುದು ಕಮ್ಮಿ ಆಗಬೇಕು" ಅಂತಿತ್ತು. ಎರಡರಲ್ಲಿ ಹಣ ಪಾವತಿಯ ಹೊಸ ಸೌಲಭ್ಯ. ಒಂದರಲ್ಲಿ "ಗ್ರಾಹಕರು ಖುಷಿಯಾಗಿರಬೇಕು" ಅಂತ ಇತ್ತು, ಅಳೆಯುವುದು ಹೇಗೆ ಅನ್ನುವ ಜಾಗ ಖಾಲಿ. ಕೊನೆಯದರಲ್ಲಿ ಒಂದು ಗುರಿ ಬರೆದು, ಹೊಡೆದುಹಾಕಿ, ಪಕ್ಕದಲ್ಲಿ ಇನ್ನೊಂದು ಬರೆದು, ಅದನ್ನೂ ಅರ್ಧ ಹೊಡೆದಿದ್ದರು. ಏಳು ಚೀಟಿ, ನಾಲ್ಕು ಗುಂಪು. ಮುಖ್ಯಸ್ಥರು ತಿರುಗಿ ಗೋಡೆ ನೋಡಿದರು. ಗೋಡೆ ಮೇಲೆ ಐದು ಗುರಿ ಇದ್ದವು. ಪ್ರತಿಯೊಬ್ಬರೂ ಆ ಐದರಲ್ಲಿ ತಮ್ಮ ದಿನದ ಕೆಲಸಕ್ಕೆ ಹತ್ತಿರ ಇದ್ದದ್ದನ್ನು ಎತ್ತಿಕೊಂಡಿದ್ದರು.

ಅಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಎಲ್ಲರೂ ನಿಜವಾಗಿಯೇ ಒಪ್ಪಿದ್ದರು, ಐದು ಸಾಲಿನ ಪಟ್ಟಿಗೆ. ಪಟ್ಟಿಗೆ ಒಪ್ಪುವುದಕ್ಕೆ ಏನೂ ಖರ್ಚಿಲ್ಲ, ಯಾಕಂದರೆ ಪಟ್ಟಿಯಲ್ಲಿ ಎಲ್ಲರದ್ದೂ ಇರುತ್ತದೆ. ಒಂದು ಮಂಗಳವಾರ ಮಧ್ಯಾಹ್ನ ಎರಡು ಗುರಿಗಳು ಒಬ್ಬರ ಮೇಜಿನ ಮೇಲೆ ಎದುರುಬದುರಾದಾಗ, ಇವತ್ತು ಇದಾ ಅದಾ ಅಂತ ಅವರು ಒಬ್ಬರೇ ಆರಿಸಬೇಕಾಗಿ ಬಂದಾಗ, ಜಾಡು ಬೇರೆಯಾಗುತ್ತದೆ. ನಿಮ್ಮ ತಂಡದಲ್ಲಿ ಎರಡು ವಾರದ ಹೊತ್ತಿಗೆ ಕಾಣುತ್ತಿರುವುದು ಇದೇ ಇರಬೇಕು ಅಂತ ನನ್ನ ಅಂದಾಜು.

ಹಾಗಾದರೆ ಮೀಟಿಂಗಿನಲ್ಲೇ ಯಾಕೆ ಹೊರಬರುವುದಿಲ್ಲ? ಮನುಷ್ಯರು ಗುಂಪಿನಲ್ಲಿ ಹೇಗೆ ಮಾತಾಡುತ್ತಾರೆ ಅನ್ನುವುದನ್ನು ಸ್ವಲ್ಪ ನೋಡಬೇಕು. 1951ರ ಸುಮಾರಿಗೆ ಸಾಲೊಮನ್ ಆಶ್ ಅನ್ನುವ ಮನಃಶಾಸ್ತ್ರಜ್ಞರು ಒಂದು ಸರಳ ಪ್ರಯೋಗ ಮಾಡಿದರು. ಒಂದು ಗೆರೆ ತೋರಿಸಿ, ಪಕ್ಕದ ಮೂರು ಗೆರೆಗಳಲ್ಲಿ ಅದರಷ್ಟೇ ಉದ್ದ ಇರುವುದು ಯಾವುದು ಅಂತ ಕೇಳುವುದು, ಅಷ್ಟೇ. ಉತ್ತರ ಕಣ್ಣಿಗೆ ರಾಚುವ ಹಾಗಿತ್ತು. ಆದರೆ ಗುಂಪಿನಲ್ಲಿ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಮೊದಲೇ ಹೇಳಿಕೊಟ್ಟ ಹಾಗೆ ತಪ್ಪು ಉತ್ತರ ಕೊಡುತ್ತಿದ್ದರು. ಹೀಗೆ ಏನೂ ಗೊತ್ತಿಲ್ಲದೆ ಗುಂಪಿಗೊಬ್ಬರಂತೆ ಕೂತಿದ್ದವರ ಪೈಕಿ, ಸುಮಾರು ನಾಲ್ಕರಲ್ಲಿ ಮೂರು ಜನ ಒಂದು ಸಲವಾದರೂ ಗುಂಪಿನ ಜೊತೆ ತಪ್ಪು ಹೇಳಿದರು. ಉತ್ತರವನ್ನು ಗುಟ್ಟಾಗಿ ಬರೆಯಲು ಬಿಟ್ಟಾಗ ಈ ವಾಲುವಿಕೆ ತುಂಬಾ ಕಡಿಮೆಯಾಯಿತು. ಗುಂಪಿನಲ್ಲಿ ಇನ್ನೊಬ್ಬರು ಸರಿ ಉತ್ತರ ಕೊಡುವವರು ಇದ್ದಾಗಲೂ ಅಷ್ಟೇ. ಗೆರೆಯ ಉದ್ದದ ವಿಷಯದಲ್ಲೇ ಹೀಗಾದರೆ, "ಈ ಕೆಲಸ ಮೂರು ತಿಂಗಳಲ್ಲಿ ಮುಗಿಯುತ್ತದಾ" ಅನ್ನುವಂಥ ಮಬ್ಬು ಪ್ರಶ್ನೆಗೆ, ಅದೂ ಬಡ್ತಿ ಕೊಡುವವರು ಎದುರಿಗೆ ಕೂತಿರುವಾಗ, ಏನಾಗಬಹುದು ಯೋಚಿಸಿ.

ಇನ್ನೊಂದು ಬಗೆ ಇದೆ, ಅದರಲ್ಲಿ ಒತ್ತಡವೂ ಬೇಕಿಲ್ಲ. ಜೆರಿ ಹಾರ್ವಿ ಅನ್ನುವವರು 1974ರಲ್ಲಿ ತಮ್ಮ ಮನೆಯದೇ ಒಂದು ಪ್ರಸಂಗ ಬರೆದರು. ಟೆಕ್ಸಾಸ್‌ನ ಸುಡು ಬೇಸಿಗೆಯಲ್ಲಿ, ಎಸಿ ಇಲ್ಲದ ಕಾರಿನಲ್ಲಿ, ಮನೆಮಂದಿಯೆಲ್ಲ 53 ಮೈಲಿ ದೂರದ ಅಬಿಲೀನ್ ಅನ್ನುವ ಊರಿಗೆ ಊಟಕ್ಕೆ ಹೋಗಿಬಂದರು. ಬಂದಮೇಲೆ ಗೊತ್ತಾಯಿತು, ಯಾರಿಗೂ ಹೋಗುವ ಮನಸ್ಸೇ ಇರಲಿಲ್ಲ. ಉಳಿದವರಿಗೆ ಆಸೆ ಇದೆ ಅಂದುಕೊಂಡು ಎಲ್ಲರೂ ಹೂಂ ಅಂದಿದ್ದರು. ತಂಡಗಳು ಎಷ್ಟೋ ಸಲ ತಿಂಗಳುಗಟ್ಟಲೆ ಕೆಲಸ ಮಾಡುವುದು ಹೀಗೆಯೇ, ಯಾರಿಗೂ ಬೇಡದ ಒಂದು ಊರಿನ ಕಡೆಗೆ.

ಅದಕ್ಕೇ ಮೊದಲು ಬರೆಯಿರಿ, ಆಮೇಲೆ ಮಾತಾಡಿ ಅನ್ನುವುದನ್ನು ನಾನು ಇಷ್ಟು ಒತ್ತಿ ಹೇಳುವುದು. ಬರೆದಿಟ್ಟದ್ದು ಮೇಜಿನ ಮೇಲೆ ಇರುತ್ತದೆ. ಮೊದಲು ಮಾತಾಡಿದವರ ಗಾಳಿಗೆ ಅದು ಹಾರಿಹೋಗುವುದಿಲ್ಲ. ಒಬ್ಬೊಬ್ಬರ ಅಂದಾಜು ಬೇರೆಬೇರೆಯಾಗಿ ಉಳಿದಾಗ ಅದಕ್ಕೆ ಎಂಥ ಬಲ ಅನ್ನುವುದಕ್ಕೆ ಹಳೆಯ ಉದಾಹರಣೆ ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1907ರಲ್ಲಿ ಪ್ರಕಟಿಸಿದ್ದು. ಒಂದು ಜಾನುವಾರು ಪ್ರದರ್ಶನದಲ್ಲಿ ಎತ್ತನ್ನು ಕಡಿದು ಹದಮಾಡಿದ ಮೇಲೆ ಎಷ್ಟು ತೂಗುತ್ತದೆ ಅಂತ ಊಹಿಸುವ ಸ್ಪರ್ಧೆ ಇತ್ತು, 787 ಚೀಟಿ ಅವರ ಕೈಗೆ ಸಿಕ್ಕವು. ಎಲ್ಲ ಊಹೆಗಳನ್ನೂ ಸಾಲಾಗಿ ಇಟ್ಟರೆ ಸರಿಯಾಗಿ ಮಧ್ಯದಲ್ಲಿ ಬಂದದ್ದು 1207 ಪೌಂಡ್. ನಿಜವಾದ ತೂಕ 1198. ಅವರೆಲ್ಲ ಒಂದು ಕೋಣೆಯಲ್ಲಿ ಕೂತು, ಮೊದಲು ಅನುಭವಸ್ಥರು ಒಂದು ಅಂಕಿ ಹೇಳಿ, ಆಮೇಲೆ ಉಳಿದವರು ಬಾಯಿಬಿಟ್ಟಿದ್ದರೆ ಇಷ್ಟು ಹತ್ತಿರ ಬರುತ್ತಿತ್ತು ಅಂತ ನನಗೆ ಅನ್ನಿಸುವುದಿಲ್ಲ.

ಸರಿ, ಈಗ ನಿಮ್ಮ ದಿನಕ್ಕೆ ಬರೋಣ. ಇಡೀ ದಿನ ಬೇಡ. ಬೆಳಗಿನ ಹೊತ್ತು ಮೂರೂವರೆ ತಾಸು ಸಾಕು, ಜನ ದಣಿಯುವ ಮೊದಲೇ ಮುಗಿಸಿ. ಚೀಟಿಯ ಕೆಲಸದಿಂದ ಶುರುಮಾಡಿ. ಅದಾದ ಮೇಲೆ ನಾನು ಯಾವಾಗಲೂ ಮಾಡಿಸುವುದು ನೆಲದ ಮೇಲೆ ಗೆರೆ ಎಳೆಯುವ ಚಟುವಟಿಕೆ.

ಅದು ಹೀಗೆ. ಕೋಣೆಯ ಈ ಗೋಡೆಯಿಂದ ಆ ಗೋಡೆಯವರೆಗೆ ನೆಲಕ್ಕೆ ಒಂದು ಟೇಪ್ ಅಂಟಿಸಿ. ಎರಡು ತುದಿಗೆ ಎರಡು ಒಳ್ಳೆಯ ಸಂಗತಿಗಳನ್ನು ಬರೆದಿಡಿ. ಎರಡೂ ಒಳ್ಳೆಯವೇ ಆಗಿರಬೇಕು, ಇದು ಮುಖ್ಯ. ಒಂದು ತುದಿಯಲ್ಲಿ "ಗುಣಮಟ್ಟ", ಇನ್ನೊಂದರಲ್ಲಿ "ಅಸಡ್ಡೆ" ಅಂತ ಬರೆದರೆ ಎಲ್ಲರೂ ಒಂದೇ ಕಡೆ ಹೋಗಿ ನಿಲ್ಲುತ್ತಾರೆ, ಏನೂ ಗೊತ್ತಾಗುವುದಿಲ್ಲ. "ಹೇಳಿದ ತಾರೀಖಿಗೆ ಕೊಡುವುದು" ಒಂದು ಕಡೆ, "ತಪ್ಪಿಲ್ಲದ ಹಾಗೆ ಕೊಡುವುದು" ಇನ್ನೊಂದು ಕಡೆ. ಅಥವಾ "ಹೊಸ ಗ್ರಾಹಕರನ್ನು ತರುವುದು" ಮತ್ತು "ಇರುವವರನ್ನು ಉಳಿಸಿಕೊಳ್ಳುವುದು". ಈ ಮೂರು ತಿಂಗಳಲ್ಲಿ ಎರಡೂ ಒಟ್ಟಿಗೆ ಸಿಗದೇ ಹೋದರೆ ಯಾವುದನ್ನು ಬಿಡುತ್ತೀರಿ, ಎಷ್ಟರ ಮಟ್ಟಿಗೆ ಬಿಡುತ್ತೀರಿ ಅಂತ ಕೇಳಿ. ಮೊದಲು ಒಂದರಿಂದ ಹತ್ತರ ಒಳಗೆ ಒಂದು ಅಂಕಿಯನ್ನು ಕೈಯಲ್ಲಿರುವ ಕಾಗದದಲ್ಲಿ ಬರೆದುಕೊಳ್ಳಲಿ, ಆಮೇಲೆ ಆ ಅಂಕಿಯ ಜಾಗಕ್ಕೆ ಹೋಗಿ ನಿಲ್ಲಲಿ. ಬರೆಯದೆ ನೇರ ನಿಲ್ಲಲು ಹೇಳಿದರೆ ಎಲ್ಲರ ಕಣ್ಣೂ ನಿಮ್ಮ ಕಾಲಿನ ಮೇಲಿರುತ್ತದೆ, ನೀವು ಎಲ್ಲಿ ನಿಲ್ಲುತ್ತೀರೋ ಅಲ್ಲೇ ಗುಂಪು ಕೂಡುತ್ತದೆ.

ಜನ ನಿಂತಾಗ ಸುಮ್ನೆ ಒಂದು ನಿಮಿಷ ಬಿಡಿ. ಅವರೇ ಅತ್ತಿತ್ತ ನೋಡಿಕೊಳ್ಳಲಿ. ಎಷ್ಟೋ ಸಲ ದಿನಾ ಪಕ್ಕಪಕ್ಕ ಕೂತು ಕೆಲಸ ಮಾಡುವ ಇಬ್ಬರು ಎರಡು ತುದಿಯಲ್ಲಿ ನಿಂತಿರುತ್ತಾರೆ, ವರ್ಷದಿಂದ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಯಾಕೆ ಅಡ್ಡ ಬರುತ್ತಿದ್ದರು ಅನ್ನುವುದು ಆ ಕ್ಷಣ ಅವರಿಗೇ ಹೊಳೆಯುತ್ತದೆ. ಆಮೇಲೆ ಎರಡು ತುದಿಯವರನ್ನು ಮೊದಲು ಮಾತಾಡಿಸಿ. ಮಧ್ಯದವರು ಕೇಳಿಸಿಕೊಳ್ಳಲಿ. ಯಾರಿಗಾದರೂ ಜಾಗ ಬದಲಿಸಬೇಕು ಅನ್ನಿಸಿದರೆ ಬದಲಿಸಲಿ, ಏನು ಕೇಳಿ ಬದಲಿಸಿದಿರಿ ಅಂತ ವಿಚಾರಿಸಿ. ಕೊನೆಗೆ ಒಂದು ವಾಕ್ಯ ಬರೆಯಿರಿ: "ಈ ಮೂರು ತಿಂಗಳು ಹೊಸಬರನ್ನು ತರುವುದಕ್ಕಿಂತ ಇರುವವರನ್ನು ಉಳಿಸಿಕೊಳ್ಳುವುದು ಮೊದಲು, ಹೊಸಬರ ಸಂಖ್ಯೆ ಏರದಿದ್ದರೂ ಸರಿ." ಆ ವಾಕ್ಯದ ಕೊನೆಯ ಭಾಗ ಬಿಡಬೇಡಿ. ಏನನ್ನು ಬಿಟ್ಟುಕೊಡಲು ತಯಾರಿದ್ದೇವೆ ಅನ್ನುವುದು ಅಲ್ಲಿದೆ. ಅದು ಇಲ್ಲದ ಗುರಿ ಮತ್ತೆ ಪಟ್ಟಿಯ ಸಾಲಾಗಿಬಿಡುತ್ತದೆ. ಇಂಥ ವಾಕ್ಯ ಎರಡು, ಹೆಚ್ಚೆಂದರೆ ಮೂರು ಸಾಕು.

ಇಲ್ಲಿಗೆ ಗುರಿಯ ಭಾಗ ಮುಗಿಯಿತು. ತೀರ್ಮಾನಗಳು ಯಾಕೆ ಮತ್ತೆ ಮತ್ತೆ ವಾಪಸ್ ಬರುತ್ತವೆ ಅನ್ನುವುದು ಬೇರೆ ವಿಷಯ, ಅದಕ್ಕೆ ನನ್ನ ಅನುಭವದಲ್ಲಿ ಎರಡು ಕಾರಣ.

ಮೊದಲನೆಯದು, ತೀರ್ಮಾನ ಯಾರದು ಅಂತ ಮೊದಲೇ ಹೇಳಿರುವುದಿಲ್ಲ. ನೀವು ಅಭಿಪ್ರಾಯ ಕೇಳುತ್ತಿದ್ದೇನೆ ಅಂದುಕೊಂಡಿರುತ್ತೀರಿ, ಅವರು ನಾವೆಲ್ಲ ಸೇರಿ ತೀರ್ಮಾನ ಮಾಡುತ್ತಿದ್ದೇವೆ ಅಂದುಕೊಂಡಿರುತ್ತಾರೆ. ನೀವು ಬೇರೆ ಆರಿಸಿದ ಕೂಡಲೇ "ಹಾಗಾದರೆ ನಮ್ಮನ್ನು ಕೇಳಿದ್ದೇಕೆ" ಅನ್ನುವ ಮಾತು ಹುಟ್ಟುತ್ತದೆ. ಬಾಯಲ್ಲಿ ಹೇಳದಿದ್ದರೂ ಕೆಲಸದಲ್ಲಿ ಕಾಣುತ್ತದೆ. ಚರ್ಚೆ ಶುರುವಾಗುವ ಮೊದಲೇ ಒಂದು ಮಾತಲ್ಲಿ ಹೇಳಿಬಿಡಿ: ಇದನ್ನು ನಿಮ್ಮೆಲ್ಲರ ಮಾತು ಕೇಳಿ ನಾನು ತೀರ್ಮಾನಿಸುತ್ತೇನೆ, ಅಥವಾ ಇದನ್ನು ಎಲ್ಲರೂ ಒಪ್ಪಿಯೇ ಮುಂದೆ ಹೋಗೋಣ, ಅಥವಾ ಇದು ಡಿಸೈನ್‌ನವರ ತೀರ್ಮಾನ, ನಾವು ಸಲಹೆ ಕೊಡೋಣ. ಮೂರರಲ್ಲಿ ಯಾವುದಾದರೂ ಪರವಾಗಿಲ್ಲ. ಜನ ಬೇಜಾರಾಗುವುದು ತಮ್ಮ ಮಾತು ನಡೆಯಲಿಲ್ಲ ಅಂತ ಅಷ್ಟಾಗಿ ಅಲ್ಲ, ಆಟದ ನಿಯಮ ಮಧ್ಯದಲ್ಲಿ ಬದಲಾಯಿತಲ್ಲ ಅಂತ.

ಎರಡನೆಯದು, ಗೊತ್ತಿರುವ ಸಂಗತಿ ಮೇಜಿಗೆ ಬಂದಿರುವುದಿಲ್ಲ. 1985ರಲ್ಲಿ ಗ್ಯಾರಲ್ಡ್ ಸ್ಟ್ಯಾಸರ್ ಮತ್ತು ವಿಲಿಯಂ ಟೈಟಸ್ ನಾಲ್ಕು ನಾಲ್ಕು ವಿದ್ಯಾರ್ಥಿಗಳ ಗುಂಪು ಮಾಡಿ, ಮೂವರು ಅಭ್ಯರ್ಥಿಗಳಲ್ಲಿ ಒಬ್ಬರನ್ನು ಆರಿಸಲು ಹೇಳಿದರು. ಎಲ್ಲ ಮಾಹಿತಿ ಎಲ್ಲರ ಕೈಯಲ್ಲಿದ್ದಾಗ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಗುಂಪುಗಳು ಒಳ್ಳೆಯ ಅಭ್ಯರ್ಥಿಯನ್ನೇ ಆರಿಸಿದವು. ಅದೇ ಮಾಹಿತಿಯನ್ನು ನಾಲ್ವರಿಗೆ ಚೂರುಚೂರಾಗಿ ಹಂಚಿ, ಒಳ್ಳೆಯ ಅಭ್ಯರ್ಥಿಯ ಗುಣಗಳು ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಇರುವ ಹಾಗೆ ಮಾಡಿದಾಗ, ನಾಲ್ಕನೇ ಒಂದು ಭಾಗದಷ್ಟು ಗುಂಪುಗಳೂ ಸರಿಯಾಗಿ ಆರಿಸಲಿಲ್ಲ. ಮಾಹಿತಿ ಕೋಣೆಯೊಳಗೇ ಇತ್ತು. ಆದರೆ ಅವರು ಎಲ್ಲರಿಗೂ ಗೊತ್ತಿದ್ದದ್ದನ್ನೇ ಮತ್ತೆ ಮತ್ತೆ ಮಾತಾಡಿದರು, ಒಬ್ಬರಿಗೆ ಮಾತ್ರ ಗೊತ್ತಿದ್ದದ್ದು ಅಲ್ಲೇ ಉಳಿಯಿತು. ಮೀಟಿಂಗ್ ಮುಗಿದ ಮೇಲೆ ಆ ಒಂದು ಸಂಗತಿ ಯಾರದೋ ಬಾಯಿಂದ ಹೊರಬರುತ್ತದೆ, ಮುಂದಿನ ವಾರ ತೀರ್ಮಾನ ಮತ್ತೆ ಮೇಜಿಗೆ ಬರುತ್ತದೆ. ನಿಮ್ಮಲ್ಲಿ ಆಗುತ್ತಿರುವುದೂ ಇದೇ ಅಲ್ವಾ?

ಇದಕ್ಕೆ ಮದ್ದು ಸರಳ. ಈಗ ಬಾಕಿ ಇರುವ ಒಂದು ನಿಜವಾದ ತೀರ್ಮಾನ ಆರಿಸಿಕೊಳ್ಳಿ. ಪ್ರಶ್ನೆಯನ್ನು ಬೋರ್ಡ್ ಮೇಲೆ ಒಂದೇ ಸಾಲಿನಲ್ಲಿ ಬರೆಯಿರಿ. ಹತ್ತು ನಿಮಿಷ ಎಲ್ಲರೂ ಮೌನವಾಗಿ ಎರಡು ಸಂಗತಿ ಬರೆಯಲಿ: "ಈ ವಿಷಯದಲ್ಲಿ ನನಗೆ ಗೊತ್ತಿದ್ದು ಬೇರೆಯವರಿಗೆ ಗೊತ್ತಿರಲಿಕ್ಕಿಲ್ಲದ್ದು ಏನು" ಮತ್ತು "ಈಗ ನನ್ನ ಒಲವು ಯಾವ ಕಡೆಗೆ, ಯಾಕೆ". ಆಮೇಲೆ ಸುತ್ತಲೂ ಒಂದು ಸುತ್ತು, ಒಬ್ಬೊಬ್ಬರು ಮೊದಲನೆಯದನ್ನು ಮಾತ್ರ ಓದಲಿ. ಒಲವನ್ನು ಇನ್ನೂ ಹೇಳಬಾರದು. ಈ ತಡೆ ತುಂಬಾ ಮುಖ್ಯ. ಒಲವು ಹೊರಬಿದ್ದ ಕೂಡಲೇ ಜನ ಕೇಳಿಸಿಕೊಳ್ಳುವುದನ್ನು ಬಿಟ್ಟು ಪಕ್ಷ ಹಿಡಿಯಲು ಶುರುಮಾಡುತ್ತಾರೆ. ಎಲ್ಲರ ಸಂಗತಿಗಳೂ ಬೋರ್ಡ್ ಮೇಲೆ ಬಂದಮೇಲೆ ಒಲವುಗಳ ಸುತ್ತು. ನೀವು ಕೊನೆಗೆ ಮಾತಾಡಿ. ಆಮೇಲೆ ಚರ್ಚೆ ಎಷ್ಟು ಜೋರಾಗಿ ನಡೆದರೂ ಚಿಂತೆ ಇಲ್ಲ. ಇದು ಹೊಸದೇನಲ್ಲ, ಮೊದಲು ಮೌನವಾಗಿ ಬರೆದು, ಸರದಿಯಲ್ಲಿ ಹೇಳಿ, ಆಮೇಲೆ ಚರ್ಚಿಸಿ ಅಂಕ ಕೊಡುವ ಕ್ರಮವನ್ನು 1970ರ ಆಸುಪಾಸಿನಲ್ಲೇ ಆಂಡ್ರೆ ಡೆಲ್ಬೆಕ್ ಮತ್ತು ಆಂಡ್ರ್ಯೂ ವಾನ್ ಡಿ ವೆನ್ ರೂಪಿಸಿದ್ದರು. ನಾನು ಸಂಗತಿ ಮೊದಲು, ಒಲವು ಆಮೇಲೆ ಅನ್ನುವ ಒಂದು ಬದಲಾವಣೆ ಮಾಡಿಕೊಂಡಿದ್ದೇನೆ ಅಷ್ಟೇ.

ನಾಯಕರು ಕೊನೆಗೆ ಮಾತಾಡುವುದರ ಬಗ್ಗೆ ಒಂದು ಮಾತು. 1961ರ ಏಪ್ರಿಲ್‌ನಲ್ಲಿ ಕ್ಯೂಬಾದ ಮೇಲೆ ಅಮೆರಿಕ ಬೆಂಬಲಿಸಿ ನಡೆದ ಬೇ ಆಫ್ ಪಿಗ್ಸ್ ದಾಳಿ ಮೂರೇ ದಿನದಲ್ಲಿ ಮುಗ್ಗರಿಸಿತು. ಅಧ್ಯಕ್ಷ ಕೆನಡಿಯವರ ಸಭೆಗಳಲ್ಲಿ ಅನುಮಾನ ಇದ್ದವರೂ ಸುಮ್ಮನೆ ಕೂತಿದ್ದರು. ಸಲಹೆಗಾರ ಆರ್ಥರ್ ಶ್ಲೆಸಿಂಜರ್ ಆಮೇಲೆ ತಮ್ಮ ಮೌನಕ್ಕೆ ಬಹಿರಂಗವಾಗಿ ನೊಂದುಕೊಂಡರು. ಮರುವರ್ಷ ಕ್ಯೂಬಾದ ಕ್ಷಿಪಣಿ ಬಿಕ್ಕಟ್ಟು ಬಂದಾಗ ಅದೇ ಕೆನಡಿ ಕೆಲವು ಸಭೆಗಳಿಂದ ಬೇಕೆಂದೇ ಹೊರಗುಳಿದರು, ತಾವಿಲ್ಲದಾಗ ಜನ ಬಿಚ್ಚಿ ಮಾತಾಡಲಿ ಅಂತ. ಆ ಬಿಕ್ಕಟ್ಟು ಯುದ್ಧವಿಲ್ಲದೆ ಮುಗಿಯಿತು. ಮನಃಶಾಸ್ತ್ರಜ್ಞ ಅರ್ವಿಂಗ್ ಜಾನಿಸ್ 1972ರಲ್ಲಿ ಗುಂಪಿನ ಯೋಚನೆಯ ದೋಷಗಳ ಬಗ್ಗೆ ಬರೆದಾಗ ಈ ಎರಡು ಘಟನೆಗಳನ್ನೂ ಎದುರುಬದುರು ಇಟ್ಟು ನೋಡಿದ್ದರು. ಒಂದೂವರೆ ವರ್ಷದ ಅಂತರ, ಹೆಚ್ಚುಕಡಿಮೆ ಅದೇ ಜನ. ಬದಲಾದದ್ದರಲ್ಲಿ ದೊಡ್ಡದು ಅವರು ಕೂತು ಮಾತಾಡಿದ ಕ್ರಮ. ನಿಮ್ಮ ತಂಡಕ್ಕೂ ಹೊಸ ಜನ ಬೇಕಿಲ್ಲ ಅಂತ ನಾನು ಧೈರ್ಯವಾಗಿ ಹೇಳುವುದು ಇದನ್ನು ನೋಡಿಯೇ.

ತೀರ್ಮಾನ ಆಯಿತು ಅನ್ನಿಸಿದ ಮೇಲೆ ಇನ್ನೊಂದು ಚಟುವಟಿಕೆ ಇದೆ. ಒಂದೇ ಒಂದನ್ನು ಮಾಡಿಸಲು ಸಮಯ ಇದೆ ಅಂದರೆ ನಾನು ಇದನ್ನೇ ಆರಿಸುತ್ತೇನೆ. ಮನಃಶಾಸ್ತ್ರಜ್ಞ ಗ್ಯಾರಿ ಕ್ಲೈನ್ ಇದಕ್ಕೆ ಪ್ರೀಮಾರ್ಟಮ್ ಅಂತ ಹೆಸರಿಟ್ಟು 2007ರಲ್ಲಿ ವಿವರವಾಗಿ ಬರೆದರು. ಪೋಸ್ಟ್‌ಮಾರ್ಟಮ್ ಸತ್ತಮೇಲೆ ಮಾಡುವುದು, ಇದು ಮೊದಲೇ ಮಾಡುವುದು. ತಂಡಕ್ಕೆ ಹೀಗೆ ಹೇಳಿ: "ಆರು ತಿಂಗಳು ಕಳೆದಿದೆ ಅಂದುಕೊಳ್ಳಿ. ಈ ಕೆಲಸ ಪೂರ್ತಿ ಮುಗ್ಗರಿಸಿದೆ. ಅದರಲ್ಲಿ ಅನುಮಾನವೇ ಇಲ್ಲ, ಆಗಿಹೋಗಿದೆ. ಯಾಕೆ ಮುಗ್ಗರಿಸಿತು ಅಂತ ಬರೆಯಿರಿ." ಆರೇಳು ನಿಮಿಷ ಮೌನ. ಆಮೇಲೆ ಒಬ್ಬೊಬ್ಬರು ಒಂದೊಂದು ಕಾರಣ ಓದುತ್ತಾ ಪಟ್ಟಿ ಮುಗಿಯುವವರೆಗೆ ಸುತ್ತು ಹೋಗಬೇಕು.

"ಏನಾದರೂ ತೊಂದರೆ ಕಾಣುತ್ತದಾ" ಅಂತ ಕೇಳುವುದಕ್ಕೂ ಇದಕ್ಕೂ ಅಜಗಜಾಂತರ. ಹಾಗೆ ಕೇಳಿದಾಗ ತೊಂದರೆ ಹೇಳುವವರು ಅಪಶಕುನ ನುಡಿದ ಹಾಗೆ ಆಗುತ್ತದೆ. ಇಲ್ಲಿ ಸೋಲು ಆಗಲೇ ಆಗಿದೆ, ಕಾರಣ ಹುಡುಕುವವರೇ ಜಾಣರು. ಗಮನಿಸಿ, ಉಳಿದ ಎಲ್ಲ ಕಡೆ ನೀವು ಕೊನೆಗೆ ಮಾತಾಡಬೇಕು ಅಂದೆ, ಇಲ್ಲಿ ಮಾತ್ರ ನೀವೇ ಮೊದಲು ಓದಬೇಕು. ಕ್ಲೈನ್ ಕೂಡ ಕೆಲಸದ ಹೊಣೆ ಹೊತ್ತವರಿಂದಲೇ ಸುತ್ತು ಶುರುಮಾಡಿ ಅನ್ನುತ್ತಾರೆ. ಯೋಜನೆ ಮಾಡಿದವರೇ ಅದರ ಹುಳುಕನ್ನು ಮೊದಲು ಹೇಳಿದರೆ ಉಳಿದವರಿಗೆ ಬಾಗಿಲು ತೆರೆಯುತ್ತದೆ. ಅದೂ "ನಾನು ಈ ತಾರೀಖನ್ನು ಯಾರನ್ನೂ ಕೇಳದೆ ಒಪ್ಪಿಕೊಂಡಿದ್ದೆ" ಅನ್ನುವಂಥ, ನಿಮ್ಮ ಕಡೆಯ ಕಾರಣವನ್ನೇ ಓದಿ.

ಒಂದು ತಂಡ ಹಳೆಯ ಸಿಸ್ಟಮ್‌ನಿಂದ ಹೊಸದಕ್ಕೆ ಎಲ್ಲ ಮಾಹಿತಿ ಸಾಗಿಸಲು ಹೊರಟಿತ್ತು. ತಾರೀಖು ಗೊತ್ತಾಗಿತ್ತು, ಎಲ್ಲರಿಗೂ ಧೈರ್ಯ ಇತ್ತು. ಪ್ರೀಮಾರ್ಟಮ್ ಸುತ್ತಿನಲ್ಲಿ, ಕೆಲಸಕ್ಕೆ ಸೇರಿ ಮೂರು ತಿಂಗಳಾಗಿದ್ದ ಹುಡುಗಿಯ ಸರದಿ ಬಂತು. ಕಾಗದದಿಂದ ಕಣ್ಣೆತ್ತದೆ ಓದಿದಳು: "ಹಳೆಯ ಸಿಸ್ಟಮ್‌ನಲ್ಲಿ ರಾತ್ರಿ ಎರಡು ಗಂಟೆಗೆ ತಾನಾಗಿ ಓಡುವ ಒಂದು ಪ್ರೋಗ್ರಾಮ್ ಇದೆ. ಅದನ್ನು ಬರೆದವರು ಕೆಲಸ ಬಿಟ್ಟಿದ್ದಾರೆ. ನಮ್ಮ ಪಟ್ಟಿಯಲ್ಲಿ ಅದು ಇಲ್ಲ." ಯಾರೂ ಮಾತಾಡಲಿಲ್ಲ. ಒಬ್ಬರು ಲ್ಯಾಪ್‌ಟಾಪ್ ತೆರೆದು ಹುಡುಕಿದರು. ಅದು ಗ್ರಾಹಕರ ಬಿಲ್ ತಯಾರಿಸುವ ಪ್ರೋಗ್ರಾಮ್ ಆಗಿತ್ತು. ಅವಳಿಗೆ ಮೂರು ವಾರದಿಂದ ಗೊತ್ತಿತ್ತಂತೆ. ಯಾಕೆ ಹೇಳಲಿಲ್ಲ ಅಂತ ಯಾರೋ ಕೇಳಿದ್ದಕ್ಕೆ, "ನಿಮಗೆಲ್ಲ ಗೊತ್ತೇ ಇರುತ್ತದೆ ಅಂದುಕೊಂಡೆ" ಅಂದಳು. ನನಗೆ ಆ ಉತ್ತರ ಕೇಳಿ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು. ಎಷ್ಟು ತಂಡಗಳಲ್ಲಿ, ಎಷ್ಟು ಜನ, ಇದೇ ಮಾತನ್ನು ಮನಸ್ಸಿನಲ್ಲಿ ಹೇಳಿಕೊಂಡು ಸುಮ್ಮನೆ ಕೂತಿರಬಹುದು!

ಪ್ರೀಮಾರ್ಟಮ್ ಪಟ್ಟಿ ಉದ್ದ ಬರುತ್ತದೆ, ಹೆದರಬೇಡಿ. ಅದರಲ್ಲಿ ಮೂರನ್ನು ಆರಿಸಿ, ಒಂದೊಂದಕ್ಕೆ ಒಬ್ಬರ ಹೆಸರು, ಒಂದು ತಾರೀಖು ಹಾಕಿ. ಉಳಿದದ್ದನ್ನು ಫೋಟೋ ತೆಗೆದಿಟ್ಟುಕೊಳ್ಳಿ.

ನಿಮಗೆ ಯಾರಾದರೂ, ಒಬ್ಬರನ್ನು ಬೇಕೆಂದೇ ವಿರೋಧ ಮಾಡಲು ನೇಮಿಸಿ ಅಂತ ಸಲಹೆ ಕೊಡಬಹುದು. ನಾನು ಬೇಡ ಅನ್ನುತ್ತೇನೆ. ಷಾರ್ಲನ್ ನೆಮೆತ್ ಅವರ ಪ್ರಯೋಗಗಳಲ್ಲಿ ಪಾತ್ರ ಕೊಟ್ಟು ಮಾಡಿಸಿದ ವಿರೋಧಕ್ಕಿಂತ ಮನಸ್ಸಿನಿಂದ ಬಂದ ವಿರೋಧವೇ ಜನರ ಯೋಚನೆಯನ್ನು ಜಾಸ್ತಿ ಅಗಲ ಮಾಡಿತು. ಪಾತ್ರ ಅಂತ ಗೊತ್ತಾದ ಮೇಲೆ ಉಳಿದವರು ಅದನ್ನು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ನಿಜವಾದ ಅನುಮಾನ ನಿಮ್ಮ ಒಂಬತ್ತು ಜನರಲ್ಲಿ ಯಾರಿಗಾದರೂ ಇದ್ದೇ ಇರುತ್ತದೆ, ಅದು ಹೊರಬರುವ ದಾರಿ ಮಾಡಿಕೊಡಿ.

ಹಾಗಾದರೆ ಸೇತುವೆ ಕಟ್ಟುವುದು, ಗೋಪುರ ಕಟ್ಟುವುದು, ಇಂಥ ಆಟಗಳು ಸುಮ್ನೆ ದಂಡಾನಾ? ಪೂರ್ತಿ ಹಾಗಲ್ಲ. ಒಂದು ಆಟವನ್ನು ನಾನು ಈಗಲೂ ಇಷ್ಟಪಟ್ಟು ಮಾಡಿಸುತ್ತೇನೆ. 1970ರ ಹೊತ್ತಿಗೆ ಜೇ ಹಾಲ್ ಅನ್ನುವವರು ಬಳಕೆಗೆ ತಂದ ಚಂದ್ರನ ಆಟ. ನಿಮ್ಮ ನೌಕೆ ಚಂದ್ರನ ಮೇಲೆ ಕೆಟ್ಟು ಇಳಿದಿದೆ, ತಾಯಿನೌಕೆ 200 ಮೈಲಿ ದೂರ, ಕೈಯಲ್ಲಿ 15 ವಸ್ತುಗಳಿವೆ, ಯಾವುದು ಎಷ್ಟು ಮುಖ್ಯ ಅಂತ ಸಾಲಾಗಿ ಇಡಬೇಕು. ಮೊದಲು ಒಬ್ಬೊಬ್ಬರೇ, ಆಮೇಲೆ ತಂಡವಾಗಿ. ಆಮ್ಲಜನಕ ಮೊದಲು, ನೀರು ಎರಡನೆಯದು, ಬೆಂಕಿಪೆಟ್ಟಿಗೆ ಕೊನೆಗೆ, ಗಾಳಿಯೇ ಇಲ್ಲದ ಕಡೆ ಕಡ್ಡಿ ಹೊತ್ತುವುದಿಲ್ಲವಲ್ಲ. ದಿಕ್ಸೂಚಿಯನ್ನು ಮೇಲೆ ಇಡುವವರು ಬಹಳ, ಆದರೆ ಚಂದ್ರನಲ್ಲಿ ಅದು ದಾರಿ ತೋರಿಸುವುದಿಲ್ಲ. ಒಬ್ಬೊಬ್ಬರ ಅಂಕ ಮತ್ತು ತಂಡದ ಅಂಕ ಪಕ್ಕಪಕ್ಕ ಇಟ್ಟು ನೋಡುವುದೇ ಇದರ ಸ್ವಾರಸ್ಯ. ತಂಡದ ಉತ್ತರ ತಂಡದ ಒಳ್ಳೆಯ ಒಬ್ಬರ ಉತ್ತರಕ್ಕಿಂತ ಕೆಳಗೆ ಬಿದ್ದಿದ್ದರೆ, ಗೊತ್ತಿದ್ದವರ ಮಾತು ಎಲ್ಲಿ ಮುಳುಗಿತು ಅಂತ ಹಿಂತಿರುಗಿ ನೋಡಬಹುದು. ಹಾಲ್ ಅವರು ತಂಡಗಳಿಗೆ ಕೊಟ್ಟ ಸೂಚನೆಗಳು ನಿಮ್ಮ ಮೀಟಿಂಗಿಗೂ ಹೊಂದುತ್ತವೆ: ಗೆಲ್ಲಲೇಬೇಕು ಅಂತ ವಾದಿಸಬೇಡಿ, ಜಗಳ ತಪ್ಪಿಸಲು ಸುಮ್ನೆ ಒಪ್ಪಬೇಡಿ, ಬಹುಮತ ಎಣಿಸಿಯೋ ನಾಣ್ಯ ಚಿಮ್ಮಿಯೋ ಮುಗಿಸಬೇಡಿ. ಈ ಸೂಚನೆ ಪಡೆದ ತಂಡಗಳು ಪಡೆಯದ ತಂಡಗಳಿಗಿಂತ ಚೆನ್ನಾಗಿ ಮಾಡಿದವು. ಹೊಸ ತಂಡಕ್ಕೆ ಇದು ಒಳ್ಳೆಯ ಪೀಠಿಕೆ, 40 ನಿಮಿಷ ಸಾಕು. ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಚಂದ್ರನ ಮೇಲೆ ಯಾರ ಬಡ್ತಿಯೂ ಇಲ್ಲ, ಯಾರ ಹೆಸರೂ ಕೆಡುವುದಿಲ್ಲ. ಅಲ್ಲಿ ಬಾಯಿಬಿಟ್ಟವರು ನಿಮ್ಮ ಕೆಲಸದ ಮೀಟಿಂಗಿನಲ್ಲೂ ಬಿಡುತ್ತಾರೆ ಅಂತ ಖಾತ್ರಿ ಇಲ್ಲ.

ಕೆಲಸಕ್ಕೆ ಎಷ್ಟು ದಿನ ಬೇಕು ಅನ್ನುವ ಅಂದಾಜಿಗೂ ಇದೇ ಕ್ರಮ. ನಿಮ್ಮ ಸಾಫ್ಟ್‌ವೇರ್ ಹುಡುಗರಿಗೆ ಪ್ಲಾನಿಂಗ್ ಪೋಕರ್ ಗೊತ್ತಿರಬಹುದು, ಜೇಮ್ಸ್ ಗ್ರೆನಿಂಗ್ 2002ರಲ್ಲಿ ಪರಿಚಯಿಸಿದ್ದು. ಎಲ್ಲರೂ ಅಂಕಿಯ ಕಾರ್ಡನ್ನು ಒಟ್ಟಿಗೆ ತಿರುಗಿಸಿ ತೋರಿಸಿ, ಅತಿ ಹೆಚ್ಚು ಮತ್ತು ಅತಿ ಕಡಿಮೆ ಹೇಳಿದವರು ಮೊದಲು ಕಾರಣ ಹೇಳುವುದು. ಸರಾಸರಿ ತೆಗೆದು ಮುಂದೆ ಹೋಗಬೇಡಿ. 3 ಅಂದವರಿಗೂ 13 ಅಂದವರಿಗೂ ಕೆಲಸವೇ ಬೇರೆಬೇರೆ ಕಂಡಿರುತ್ತದೆ, ಅದನ್ನು ತಿಳಿಯುವುದಕ್ಕೇ ಕಾರ್ಡ್.

ಮನೆಯಿಂದ ಕೆಲಸ ಮಾಡುವವರಿದ್ದರೂ ಇದೆಲ್ಲ ನಡೆಯುತ್ತದೆ. ಉತ್ತರವನ್ನು ಚಾಟ್‌ನಲ್ಲಿ ಟೈಪ್ ಮಾಡಿ, ಆದರೆ ಕಳಿಸಬೇಡಿ ಅನ್ನಿ. ಎಲ್ಲರೂ ಬರೆದಾಯಿತು ಅಂದಮೇಲೆ ಒಂದು, ಎರಡು, ಮೂರು ಎಣಿಸಿ, ಒಟ್ಟಿಗೆ ಕಳಿಸಲಿ.

ಕೆಲವು ಎಚ್ಚರಿಕೆ. ತೀರ್ಮಾನ ನೀವು ಅಥವಾ ಮೇಲಿನವರು ಆಗಲೇ ಮಾಡಿಬಿಟ್ಟಿದ್ದರೆ ಅದರ ಮೇಲೆ ಚಟುವಟಿಕೆ ಮಾಡಿಸಲೇಬೇಡಿ. ಜನಕ್ಕೆ ವಾಸನೆ ಬಡಿಯುತ್ತದೆ, ಮುಂದಿನ ಸಲ ಯಾರೂ ಮನಸ್ಸಿಟ್ಟು ಬರೆಯುವುದಿಲ್ಲ. "ಇದು ಆಗಿಹೋಗಿದೆ, ಹೇಗೆ ಮಾಡುವುದು ಅಂತ ಯೋಚಿಸೋಣ" ಅನ್ನಿ, ಅದು ಮರ್ಯಾದೆ. ಇನ್ನೊಂದು, ಅಲ್ಲಿ ಯಾರು ಏನು ಹೇಳಿದರು ಅನ್ನುವುದು ಅವರ ವರ್ಷದ ಮೌಲ್ಯಮಾಪನದಲ್ಲಿ ಒಂದೇ ಒಂದು ಸಲ ಇಣುಕಿದರೂ ಸಾಕು, ಆ ತಂಡದಲ್ಲಿ ಪ್ರಾಮಾಣಿಕವಾದ ಚೀಟಿ ಮತ್ತೆ ಸಿಗುವುದು ಕಷ್ಟ. ತಂಡದಲ್ಲಿ ಈಗಾಗಲೇ ಮಾತು ಬಿಟ್ಟವರಿದ್ದರೆ, ನಂಬಿಕೆ ಮುರಿದಿದ್ದರೆ, ಮೊದಲು ಒಬ್ಬೊಬ್ಬರ ಜೊತೆ ಕೂತು ಮಾತಾಡಿ. ಗುಂಪಿನ ಚಟುವಟಿಕೆ ಅದಕ್ಕೆ ಔಷಧಿ ಅಲ್ಲ. ಹಾಗೆಯೇ ಸುಲಭವಾಗಿ ವಾಪಸ್ ತೆಗೆದುಕೊಳ್ಳಬಹುದಾದ ಸಣ್ಣ ತೀರ್ಮಾನಗಳಿಗೆ ಇದೆಲ್ಲ ಬೇಡವೇ ಬೇಡ, ಮಾಡಿ ನೋಡಿ, ಸರಿಬರದಿದ್ದರೆ ಬದಲಿಸಿ.

ಕೊನೆಯ 20 ನಿಮಿಷ ಒಂದು ಹಾಳೆಗೆ ಮೀಸಲಿಡಿ. ಏನು ತೀರ್ಮಾನಿಸಿದೆವು, ಯಾವ ಕಾರಣಕ್ಕೆ, ಏನನ್ನು ಬಿಟ್ಟುಕೊಟ್ಟೆವು, ಯಾವ ಸಂಗತಿ ಕಂಡರೆ ಮಾತ್ರ ಇದನ್ನು ಮತ್ತೆ ತೆರೆಯುತ್ತೇವೆ, ಯಾವಾಗ ತಿರುಗಿ ನೋಡುತ್ತೇವೆ. ಮುಂದಿನ ವಾರ ಯಾರಾದರೂ ಹಳೆಯ ಚರ್ಚೆ ಎತ್ತಿದರೆ ಆ ಹಾಳೆ ತೆಗೆದು, ನಾಲ್ಕನೆಯ ಸಾಲು ತೋರಿಸಿ, "ಇದು ಆಗಿದೆಯಾ?" ಅಂತ ಕೇಳಿ. ಆಗಿದ್ದರೆ ತೆರೆಯೋಣ, ಆಗದಿದ್ದರೆ ಮುಂದಕ್ಕೆ. ನೀವು ಹೇಳಿದ ಮರುಕಳಿಸುವ ಚರ್ಚೆಗಳಲ್ಲಿ ಬಹಳಷ್ಟು ಇಲ್ಲೇ ನಿಲ್ಲುತ್ತವೆ.

ಆರು ವಾರ ಬಿಟ್ಟು ಎಲ್ಲರೂ ಮತ್ತೆ ಒಂದು ಗಂಟೆ ಸೇರಿ. ಅಮೆರಿಕದ ಸೇನೆ ತರಬೇತಿಯ ನಂತರ ಕೇಳಿಕೊಳ್ಳುವ ನಾಲ್ಕು ಪ್ರಶ್ನೆ ಸಾಕು: ಏನಾಗಬೇಕಿತ್ತು, ಏನಾಯಿತು, ವ್ಯತ್ಯಾಸ ಯಾಕೆ, ಮುಂದಿನ ಸಲ ಏನು ಉಳಿಸಿಕೊಳ್ಳೋಣ ಏನು ಬದಲಿಸೋಣ. ಅದೇ ದಿನ ಮೊದಲ ಚೀಟಿಯ ಪ್ರಶ್ನೆಯನ್ನೂ ಮತ್ತೆ ಕೇಳಿ, ಗುರಿಗಳ ಪಟ್ಟಿ ನೋಡದೆ ಬರೆಯಲು ಹೇಳಿ. ಹಳೆಯ ಚೀಟಿಗಳನ್ನು ಎಸೆಯದೆ ಇಟ್ಟುಕೊಂಡಿರಿ, ಹೊಸದರ ಪಕ್ಕ ಅವನ್ನೂ ಮೇಜಿನ ಮೇಲೆ ಹರಡಿ. ಎಷ್ಟು ಗುಂಪು ಇದ್ದದ್ದು ಎಷ್ಟಾಯಿತು ಅಂತ ತಂಡವೇ ಎಣಿಸಲಿ.